ತೊರೆಯ ತಾಮ್ರ

ಇಲ್ಲಿ ಯೂಟ್ ಎಂದು ಕರೆಯುವ ಪಿಕಪ್ ಗಾಡಿಯ ಹೀಟರ್ ಮುಖಕ್ಕೆ ಬಿಸಿಗಾಳಿ ಊದುತ್ತಿದ್ದರೂ ಶ್ರೀಕರ್ ಎಡಗೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ಚಳಿಗೆ ಹಾಗೆ ಕೂತವನಂತೆ ಕಾಣಲಿ ಎಂದು ಆಗಾಗ ಭುಜ ಕುಗ್ಗಿಸುತ್ತಿದ್ದ. ಉಂಗುರದ ಬೆರಳಿನ ಬುಡದಲ್ಲಿ ಚರ್ಮ ಸುತ್ತಲೂ ಬಿಳಿಚಿಕೊಂಡು ಒಂದು ಪಟ್ಟಿಯಾಗಿತ್ತು. ಬೇಸಿಗೆ ಮುಗಿಯುತ್ತ ಬಂದಿತ್ತು, ಇಲ್ಲಿನ ಬಿಸಿಲಿಗೆ ಕಿವಿಯ ತುದಿ ಕೂಡ ಸುಟ್ಟಿತ್ತು, ಆದರೆ ಆ ಪಟ್ಟಿ ಮಾತ್ರ ಹಟ ಹಿಡಿದು ಹಾಗೆಯೇ ಉಳಿದಿತ್ತು. ಪಕ್ಕದಲ್ಲಿ ವಂದನಾ ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಗಾಡಿ ಓಡಿಸುತ್ತಿದ್ದಳು. ಅವಳು ಅವನ ಮೇಲಧಿಕಾರಿ. ಕೆಲಸಕ್ಕೆ ಅವನ ಹೆಸರು ಹೇಳಿದವಳೂ ಅವಳೇ. ಹುಬ್ಬಳ್ಳಿಯವಳು, ಡನೀಡಿನ್‌ಗೆ ಓದಲು ಬಂದು ಅಲ್ಲೇ ನೆಲೆ ನಿಂತವಳು. ಮೊದಲ ದಿನವೇ, "ಮೇಡಂ ಗೀಡಂ ಅನ್ನಬ್ಯಾಡಪಾ, ಇಲ್ಲಿ ಎಲ್ಲಾರೂ ಹೆಸರು ಹಿಡದ ಕರೀತಾರ" ಎಂದಿದ್ದಳು. ಮೈಸೂರಿನ ನಾಲಿಗೆಗೆ ಬರಿಯ ಹೆಸರು ಹೊರಳದೆ, ಎರಡು ವರ್ಷದಿಂದ ಅವನು ಅವಳನ್ನು ಏನೂ ಕರೆಯದೆಯೇ ಮಾತಾಡಿಸುತ್ತಿದ್ದ. ಅವಳು ದೂರದಲ್ಲಿದ್ದರೆ ಕೂಗುವ ಬದಲು ಹತ್ತಿರ ಓಡಿಹೋಗುತ್ತಿದ್ದ.

"ಮಧ್ಯಾಹ್ನದ ಮ್ಯಾಲೆ ದಕ್ಷಿಣದ ಥಂಡಿ ಗಾಳಿ ಬರತೈತಂತ. ಬಡಾಬಡಾ ಮುಗಿಸ್ಕೊಂಡು ಹೊಳ್ಳೂಣು" ಎಂದಳು ವಂದನಾ. "ಮೊದಲ ಅದ ಜಾಗ. ಅದ ಕಲ್ಲಿನ ಕೆಳಗ. ಒಂದು ಗೇಣು ಆಕಡೆ ಈಕಡೆ ಆಗಬಾರದು."

"ಹೂಂ" ಎಂದ ಶ್ರೀಕರ್.

ಅದೇ ಜಾಗ. ಕೆಲಸ ನೋಡಿದರೆ ಏನೂ ಅಲ್ಲ: ಜನವರಿಯಲ್ಲಿ ಅವನೇ ಹೂಳು ತೆಗೆದಿದ್ದ ತೊರೆಗೆ ಮತ್ತೆ ಇಳಿದು ಅಲ್ಲಿಂದಲೇ ಇನ್ನೊಂದು ಸಲ ಹೂಳು ತೆಗೆದು ತರುವುದು. ಬೆಟ್ಟ ತನ್ನ ಹೊಟ್ಟೆಯೊಳಗಿನದನ್ನು ಮಳೆಮಳೆಗೂ ಚೂರುಚೂರಾಗಿ ತೊರೆಗೆ ಬಿಟ್ಟುಕೊಡುತ್ತದೆ. ತೊರೆಯ ತಳದ ಒಂದು ಹಿಡಿ ಹೂಳನ್ನು ಜರಡಿ ಹಿಡಿದು ಲ್ಯಾಬಿಗೆ ಕಳಿಸಿದರೆ ಮೇಲಿನ ಇಡೀ ಕಣಿವೆಯ ಜಾತಕ ಸಿಕ್ಕಿಬಿಡುತ್ತದೆ. ಇದನ್ನು ಅವನು ಕನ್ನಡ ಸಂಘದ ಊಟದಲ್ಲಿ ಗೀತಾ ಆಂಟಿಗೆ ವಿವರಿಸಿದ್ದ. "ಹಾಗಾದ್ರೆ ನೀನೂ ಜಾತಕ ನೋಡೋನೇ ಅನ್ನು" ಎಂದು ಆಂಟಿ ನಕ್ಕಿದ್ದರು, ಅವನೂ ನಕ್ಕಿದ್ದ. ಆ ಊಟದ ತಟ್ಟೆಗಳನ್ನು ತೊಳೆಯುವಾಗಲೇ ಆಂಟಿ ಅವನನ್ನು ಅಡುಗೆಮನೆಯ ಮೂಲೆಗೆ ಕರೆದು, ಸೆರಗಿನ ಗಂಟಿನಿಂದ ಪಂಚಲೋಹದ ಉಂಗುರ ಬಿಚ್ಚಿ, "ನಮ್ಮಣ್ಣ ಪೂಜೆ ಮಾಡಿಸಿ ಕಳಿಸಿದ್ದಾನೆ ಕಣೋ. ನಿಂಗೆ ಶನಿಕಾಟ. ರೆಸಿಡೆನ್ಸಿ ಆಗೋವರೆಗೂ ಬೆರಳಿಂದ ತೆಗೀಬೇಡ" ಎಂದದ್ದು. ಇಲ್ಲಿ ಕಾಯಂ ನೆಲೆಸಲು ಹಾಕಿದ ಅವನ ಅರ್ಜಿ ಆಗ ಒಮ್ಮೆ ತಿರಸ್ಕಾರವಾಗಿ ಬಂದಿತ್ತು. ಭೂರಸಾಯನದಲ್ಲಿ ಪದವಿ ಪಡೆದ ತಾನು ಇದನ್ನು ಹಾಕಿಕೊಳ್ಳುವುದೇ ಎಂದು ಅವನಿಗೆ ನಗು ಬಂದಿತ್ತು. ದಾಕ್ಷಿಣ್ಯಕ್ಕೆ ಹಾಕಿಕೊಂಡ. ಮುಂದಿನ ತಿಂಗಳೇ ಈ ಕೆಲಸ ಸಿಕ್ಕಿತು, ಕೆಲಸದ ಬೆನ್ನಿಗೆ ವೀಸಾ ಸಿಕ್ಕಿತು, ರೆಸಿಡೆನ್ಸಿಯ ಹೊಸ ಅರ್ಜಿ ಒಳಗೆ ಹೋಯಿತು. ಆಮೇಲೆ ಅದನ್ನು ತೆಗೆಯುವುದು ಕೈಯಿಂದ ಆಗಲಿಲ್ಲ. ನಂಬಿಕೆ ಇದೆಯೇ ಎಂದು ಯಾರಾದರೂ ಕೇಳಿದ್ದರೆ ಖಂಡಿತ ಇಲ್ಲ ಎನ್ನುತ್ತಿದ್ದ. ತೆಗೆದರೂ ಏನೂ ಆಗದು ಎಂಬ ನಂಬಿಕೆ ಬೇಕಾಗಿತ್ತು ತೆಗೆಯಲು, ಅದೂ ಇರಲಿಲ್ಲ.

ಜನವರಿಯ ಸ್ಯಾಂಪಲ್ಲುಗಳ ಫಲಿತಾಂಶ ಬಂದ ಬೆಳಿಗ್ಗೆ ವಂದನಾ ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಅವನ ಮೇಜಿಗೆ ಬಂದಿದ್ದಳು. ನಕ್ಷೆಯ ಮೇಲೆ ನೂರಾರು ತೊರೆಗಳು, ಎಲ್ಲ ಸಪ್ಪೆ. ಒಂದೇ ಒಂದು ಕೆಂಪಗೆ ಹೊಳೆಯುತ್ತಿತ್ತು. "ನೋಡಿಲ್ಲಿ, ಚಿನ್ನ, ಬೆಳ್ಳಿ, ತಾಮ್ರ, ಸತು, ತವರ. ಎಲ್ಲಾ ಒಂದ ಕಡೆ ಎದ್ದು ನಿಂತಾವ. ಪಂಚಲೋಹದ ಹಳ್ಳ ಐತಿ ನೋಡು ನಿಂದು!" ಎಂದು ಅವನ ಬೆನ್ನಿಗೆ ಬಡಿದಿದ್ದಳು. ಆ ಮಾತನ್ನು ಅವಳು ಹೇಗೆ ಅಂದಳು, ಎಲ್ಲಿ ನಕ್ಕಳು, ನಕ್ಕು ಮುಗಿದ ಮೇಲೆ ಅವಳ ಕಣ್ಣು ಎಲ್ಲಿಗೆ ಹೋಯಿತು ಎಂಬುದನ್ನು ಅವನು ಆಮೇಲೆ ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಅನ್ನ ಕಲಸುವಾಗ ಎಷ್ಟು ಸಲ ನೆನೆದನೋ. ಗೊತ್ತಿದ್ದು ಆಡಿದ ಮಾತೇ? ಅಥವಾ ಐದು ಲೋಹ ಕಂಡ ಯಾವ ಕನ್ನಡದವರ ಬಾಯಿಗೂ ಬರುವ ತಮಾಷೆಯೇ? ಆಫೀಸಿನ ಉಳಿದವರಿಗೆ ಆ ತಮಾಷೆ ತಿಳಿಯುವಂತಿರಲಿಲ್ಲ. ಆ ಐದನ್ನು ಒಟ್ಟಿಗೆ ನೋಡಿ ಯಾರದಾದರೂ ಬೆರಳನ್ನು ನೆನೆಯುವವರು ಆ ಕಟ್ಟಡದಲ್ಲಿ ಇದ್ದದ್ದು ಇಬ್ಬರೇ.

ಸಮೀಕ್ಷೆ ಮಾಡಿಸುತ್ತಿದ್ದ ಗಣಿ ಕಂಪನಿಯವರಿಗೆ ಅಂಕಿಗಳು ಹೋದವು, ಕೊರೆಯುವ ಯಂತ್ರ ತರುವ ಮಾತು ಎದ್ದಿತು. ಅದಾದರೂ ಹಾಳಾಗಲಿ, ಕೊರೆದು ಏನೂ ಸಿಗದೆ ಹೋಗುತ್ತಾರೆ ಎಂದು ಅವನು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅದೇ ಅಂಕಿಗಳು ನೀರಿನ ಉಸ್ತುವಾರಿ ನೋಡುವ ಸ್ಥಳೀಯ ಕೌನ್ಸಿಲಿಗೂ ಹೋಗುತ್ತಿದ್ದವು, ಬೇಸ್‌ಲೈನ್ ಎಂದು. ಮನುಷ್ಯ ಕೈ ಹಾಕುವ ಮುಂಚೆ ಈ ನೀರು ಹೇಗಿತ್ತು ಎಂಬುದರ ಸಾಕ್ಷಿ ಅದು. ನಾಳೆ ಕಣಿವೆಯ ಆ ಬದಿಯಲ್ಲಿ ಯಾವ ಗಣಿ ಬಂದು ಏನು ಹರಿಯಬಿಟ್ಟರೂ, 'ಈ ತೊರೆಯಲ್ಲಿ ತಾಮ್ರ ಮೊದಲಿನಿಂದಲೂ ಇತ್ತಲ್ಲ' ಎನ್ನಬಹುದು. ಮೊದಲಿನಿಂದಲೂ. ಬೆಟ್ಟ ಹುಟ್ಟಿದಂದಿನಿಂದ ಎಂದು ಅದರ ಅರ್ಥ. ಅವನ ಒಂದು ಮಧ್ಯಾಹ್ನವನ್ನು ಬೆಟ್ಟದ ವಯಸ್ಸಿಗೆ ಸೇರಿಸಿಬಿಟ್ಟಿದ್ದರು.

ಗೇಟಿನ ಹತ್ತಿರ ಹೀದರ್ ಕಾಯುತ್ತಿದ್ದಳು. ತೊರೆ ಹರಿಯುವುದು ಅವಳ ಜಮೀನಿನಲ್ಲಿ. ಎಪ್ಪತ್ತರ ಹತ್ತಿರದ ಹೆಂಗಸು, ಸತ್ತ ಗಂಡನ ಕೋಟು ತೊಟ್ಟಿದ್ದಳು. ತೋಳು ಉದ್ದವಾಗಿ ಎರಡು ಸುತ್ತು ಮಡಿಸಿಕೊಂಡಿದ್ದಳು. "ಒಳಗೆ ಬನ್ನಿ, ಕೆಟಲ್ ಇಟ್ಟಿದ್ದೇನೆ. ಶ್ರೀ, ನೀನೂ ಬಾರಪ್ಪ" ಎಂದಳು ಇಂಗ್ಲಿಷಿನಲ್ಲಿ. ಅವನ ಹೆಸರಿನ ಅರ್ಧವನ್ನು ಅವಳು ಜನವರಿಯಲ್ಲೇ ಕೈಬಿಟ್ಟಿದ್ದಳು. ರಿಪೋರ್ಟಿನ ಒಂದು ಪ್ರತಿ ಅವಳಿಗೂ ಬಂದಿತ್ತು. ವರಾಂಡದ ತುಂಬ ಅಂಗಡಿಯ ನೀರಿನ ಬಾಟಲಿಗಳ ಕಟ್ಟುಗಳು. ಆವತ್ತು, ಜನವರಿಯಲ್ಲಿ, ಅದೇ ವರಾಂಡದಲ್ಲಿ ಅವಳು ಅವನಿಗೆ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕೊಟ್ಟು, "ತೊರೆಯಿಂದ ನೇರ ಪೈಪಿನಲ್ಲಿ ಬರುತ್ತದೆ, ಇಡೀ ಒಟಾಗೋ ಪ್ರಾಂತ್ಯದಲ್ಲಿ ಇಂಥ ನೀರಿಲ್ಲ" ಎಂದಿದ್ದಳು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅವನು ಇನ್ನೊಂದು ಲೋಟ ಕೇಳಿ ಕುಡಿದಿದ್ದ.

"ಚಹಾ ಅಂಗಡಿ ನೀರಿನದೇ, ಹೆದರಬೇಡಿ" ಎಂದಳು ಈಗ ಹೀದರ್, ಮಗ್ಗುಗಳನ್ನು ಇಡುತ್ತ. ನಗಲು ನೋಡಿದಳು. ಆಮೇಲೆ ವಂದನಾಳ ಕಡೆಗೆ ತಿರುಗಿ, ಬಹಳ ದಿನದಿಂದ ಜೋಡಿಸಿಟ್ಟುಕೊಂಡ ಮಾತನ್ನು ಹೇಳುವವರ ಹಾಗೆ ನಿಧಾನವಾಗಿ ಕೇಳಿದಳು: "ನನ್ನ ಗಂಡ ಕಾಲಿನ್‌ಗೆ ಕೆಟ್ಟದ್ದು ಲಿವರ್. ಅವನು ಕುಡಿಯುವವನಲ್ಲ, ಬಿಯರ್ ಕೂಡ ಹಬ್ಬಕ್ಕೆ ಒಂದು. ಡಾಕ್ಟರಿಗೇ ಆಶ್ಚರ್ಯ. ತಾಮ್ರ ಹೆಚ್ಚಾದರೆ ಲಿವರಿಗೆ ಕೂರುತ್ತದೆ ಎಂದು ನಾನು ಓದಿದೆ. ಅವನು ಮಳೆನೀರಿನ ಟ್ಯಾಂಕ್ ಹಾಕಿಸೋಣ ಎನ್ನುತ್ತಿದ್ದ. ಇಂಥ ತೊರೆ ಇಟ್ಟುಕೊಂಡು ಟ್ಯಾಂಕ್ ಏಕೆ ಎಂದವಳು ನಾನು. ನಲವತ್ತು ವರ್ಷ ಅವನಿಗೆ ಇದೇ ನೀರು ಕೊಟ್ಟೆ. ಇದರಿಂದ ಆಗಿರಬಹುದೇ?"

ಶ್ರೀಕರ್ ಮಗ್ಗನ್ನು ಬಲಗೈಯಲ್ಲಿ ಹಿಡಿದಿದ್ದ. ಚಹಾ ಅಂಚಿನ ತನಕ ತುಂಬಿತ್ತು, ಎರಡೂ ಕೈ ಬೇಕಿತ್ತು. ಎಡಗೈ ಜೇಬಿನಿಂದ ಹೊರಗೆ ಬರಲಿಲ್ಲ.

"ಹೂಳಿನಲ್ಲಿರುವುದು ಬೇರೆ, ನೀರಿನಲ್ಲಿ ಕರಗಿರುವುದು ಬೇರೆ ಹೀದರ್" ಎಂದಳು ವಂದನಾ ತನ್ನ ಆಫೀಸಿನ ಇಂಗ್ಲಿಷಿನಲ್ಲಿ. "ಹಾಗೆ ಆಗಿದೆ ಎನ್ನಲು ಆಧಾರವಿಲ್ಲ. ಆಗಿಯೇ ಇಲ್ಲ ಎನ್ನಲೂ ನಮ್ಮಿಂದ ಆಗದು. ಅದಕ್ಕೇ ಇವತ್ತು ಮತ್ತೆ ಬಂದಿದ್ದೇವೆ."

ಅದು ಸರಿಯಾದ ಉತ್ತರವಾಗಿತ್ತು. ಅದರಲ್ಲಿ ಸುಳ್ಳಿನ ಒಂದು ಕಣವೂ ಇರಲಿಲ್ಲ. ಹೀದರ್ ತಲೆಯಾಡಿಸಿ ಮೇಜಿನ ಮೇಲಿನ ಒದ್ದೆ ವೃತ್ತಗಳನ್ನು ಬಟ್ಟೆಯಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಶ್ರೀಕರ್ ಆ ಬಟ್ಟೆಯನ್ನೇ ನೋಡುತ್ತಿದ್ದ. ಒಂದು ಕಣಿವೆಯ ಅಂಕಿ ತಪ್ಪಾಗಿದೆ ಎಂಬುದನ್ನು ಅವನು ಹೇಗೋ ಹೊತ್ತುಕೊಂಡಿದ್ದ. ಈ ಹೆಂಗಸು ಇಷ್ಟು ದಿನ ಬೆಳಿಗ್ಗೆ ಎದ್ದು, ಗಂಡನಿಗೆ ತಾನು ಕೊಟ್ಟ ಲೋಟಗಳನ್ನು ಲೆಕ್ಕ ಹಾಕುತ್ತ ಈ ಬಾಟಲಿಗಳ ಮುಚ್ಚಳ ತಿರುಗಿಸುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಹೇಳಿಬಿಡು ಎಂದು ಒಳಗೆ ಏನೋ ಎದ್ದಿತು. ಹೇಳಿದರೆ ಕೆಲಸ ಹೋಗುತ್ತದೆ, ವೀಸಾ ಆ ಕೆಲಸಕ್ಕೇ ಕಟ್ಟಿಹಾಕಿದ್ದು, ರೆಸಿಡೆನ್ಸಿ ಅರ್ಜಿಯಂತೂ ಅಲ್ಲೇ ಸಾಯುತ್ತದೆ. ಚಹಾ ಚೆಲ್ಲಿ ಪ್ಯಾಂಟಿನ ಮೇಲೆ ಬಿತ್ತು. "ಸಾರಿ" ಎಂದ. ಹೀದರ್ ಬಟ್ಟೆ ಕೊಟ್ಟಳು.

ಹುಲ್ಲುಗಾವಲು ಇಳಿಜಾರಾಗಿತ್ತು. ಟಸ್ಸಕ್ ಹುಲ್ಲಿನ ಗುಂಪುಗಳ ನಡುವೆ ಕುರಿಗಳು ಮಾಡಿದ ದಾರಿಯಲ್ಲಿ ಮೂವರೂ ಇಳಿದರು. ಹೀದರ್ ತಾನೂ ಬರುತ್ತೇನೆಂದು ಹೊರಟಿದ್ದಳು. ತೊರೆಗೆ ಬಂದಾಗ ಅವಳು ಹಲಗೆಯ ಮೇಲೆ ದಾಟಿ ಆ ದಡಕ್ಕೆ ಹೋದಳು, ಅಲ್ಲಿ ಬೇಲಿ ಸಡಿಲವಾಗಿದೆ, ನೋಡಬೇಕು ಎನ್ನುತ್ತ. ಈ ದಡದಲ್ಲಿ ಚಪ್ಪಟೆ ಬಂಡೆ ಇತ್ತು. ಪದರು ಪದರಾದ ಬೂದುಗಲ್ಲು, ಒದ್ದೆಯಾದರೆ ಅಭ್ರಕ ಮಿನುಗುತ್ತದೆ. ಆವತ್ತು ಅವನು ಕೂತದ್ದು ಅದರ ಮೇಲೆ. ದಿನವೂ ಗೇಟಿನ ಹತ್ತಿರ ಕೇಳುವ ಪ್ರಶ್ನೆಯನ್ನು ಆವತ್ತು, ಅವನೊಬ್ಬನೇ ಮುಂಚೆ ಬಂದಿದ್ದರಿಂದ, ವಂದನಾ ಫೋನಿನಲ್ಲಿ ಕೇಳಿದ್ದಳು, ಸ್ಯಾಂಪಲ್ ಕೆಡಿಸುವಂಥ ಉಂಗುರ, ಬಳೆ, ಸರ, ಸನ್‌ಸ್ಕ್ರೀನ್ ಏನಾದರೂ? ಏನೂ ಇಲ್ಲ ಎಂದು ಅವನು ದಿನದಂತೆ ಹೇಳಿದ್ದ. ಗ್ಲೌಸಿನ ಒಳಗೆ ಇರುವುದು ಯಾರಿಗೆ ಕಾಣುತ್ತದೆ. ಆದರೆ ಆವತ್ತು ಜರಡಿಯ ಅಂಚಿಗೆ ಸಿಕ್ಕಿ ಗ್ಲೌಸ್ ಸರಿಯಾಗಿ ಉಂಗುರದ ಮೇಲೆಯೇ ಹರಿಯಿತು. ಬೇರೆ ಗ್ಲೌಸ್ ಯೂಟಿನಲ್ಲಿತ್ತು. ಯೂಟಿಗೆ ಹೋದರೆ ಅಷ್ಟರಲ್ಲಿ ವಂದನಾ ಬಂದುಬಿಡುತ್ತಾಳೆ, ಆವತ್ತು ಅವಳು ಬರುವವಳಿದ್ದಳು. ಉಂಗುರ ಬೆರಳ ಗೆಣ್ಣು ದಾಟಲಿಲ್ಲ. ಉಪಕರಣಗಳ ಚೀಲದಲ್ಲಿ ಸನಿಕೆಯ ಅಂಚು ಮಸೆಯಲು ಇಟ್ಟ ಅರ ಇತ್ತು. ಅವನು ಕೂತು ಉಜ್ಜಿದ, ಹಲ್ಲು ಕಚ್ಚಿ, ಚರ್ಮ ಕಿತ್ತು ಬರುವ ತನಕ. ಶನಿಯೇ ಬಂದರೂ ವಂದನಾ ಬರಬಾರದು ಎಂಬಂತೆ. ಉಂಗುರ ಸೀಳಿ ಬಿಚ್ಚಿಕೊಂಡಾಗ ತೊಡೆಯ ಮೇಲೆ, ಬಂಡೆಯ ಮೇಲೆ, ಅಂಗೈಯ ಗೆರೆಗಳಲ್ಲಿ ಹಳದಿ ಪುಡಿ ಹೊಳೆಯುತ್ತಿತ್ತು. ಕೈ ತೊಳೆದ. ಬಂಡೆಗೂ ನೀರು ಎರಚಿದ. ನೀರು ಅದನ್ನೆಲ್ಲ ಒಂದು ಕ್ಷಣದಲ್ಲಿ ಒಯ್ದು, ಕೆಳಗಿನ ಗುಂಡಿಯಲ್ಲಿ, ಅವನು ಹೂಳು ತೆಗೆಯಬೇಕಾಗಿದ್ದ ಜಾಗದಲ್ಲೇ, ಹಗುರವಾಗಿ ಇಳಿಸಿತು. ಇಂಥ ಕಡೆ ಭಾರದ ಕಣಗಳು ತಂಗುತ್ತವೆ ಎಂದೇ ಆ ಜಾಗವನ್ನು ಆರಿಸಿದ್ದು. ಅದು ಅವನಿಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದ. ಆದರೂ ಅಲ್ಲಿಂದಲೇ ತೆಗೆದ. ಮೇಲೆ ಹತ್ತಿ ಹೋಗಲು ಬೇಸರವಾಯಿತು, ಕೈ ಉರಿಯುತ್ತಿತ್ತು, ಅಷ್ಟು ಪುಡಿಯಿಂದ ಏನಾಗುತ್ತದೆ ಎನಿಸಿತು.

"ಏ, ಕನಸು ಕಾಣಾಕತ್ತೀಯೇನು? ಹಿಡಿ" ಎಂದು ವಂದನಾ ಜರಡಿ ಚಾಚಿದಳು. ಗಾಳಿ ತಿರುಗಿತ್ತು. ಕಣಿವೆಯ ಬಾಯಿಯಲ್ಲಿ ಮೋಡ ಸೀಸದ ಬಣ್ಣಕ್ಕೆ ಬಂದಿತ್ತು. ಅವನು ಗುಂಡಿಯ ಪಕ್ಕ ಮಂಡಿಯೂರಿದ. ಇಲ್ಲಿಂದ ಒಂದು ಸನಿಕೆ ತೆಗೆದರೆ ಅಂಕಿ ಮತ್ತೆ ಅದೇ ಬರುತ್ತದೆ, ದೃಢಪಟ್ಟಿತು ಎಂದು ಬರೆಯುತ್ತಾರೆ, ಇನ್ನು ಯಾರೂ ಕೇಳುವುದಿಲ್ಲ. ತೊರೆ ತಳದಲ್ಲಿ ಅವನ ಪರವಾಗಿ ಸಾಕ್ಷಿ ಹೇಳಲು ಕಾದು ಕೂತಿತ್ತು.

"ಇಲ್ಲಿ ಬೇಡ" ಎಂದ.

"ಏನು?"

"ಇಲ್ಲಿ ಬೇಡ, ಮೇಲಕ್ಕೆ ಹೋಗೋಣ. ಆವತ್ತು ನಾನು ಉಂಗುರ ಹಾಕ್ಕೊಂಡಿದ್ದೆ. ಪಂಚಲೋಹದ್ದು. ಈ ಬಂಡೆ ಮೇಲೆ ಕೂತ್ಕೊಂಡು ಅರದಲ್ಲಿ ಉಜ್ಜಿ ತೆಗೆದೆ. ಕೈ ಇಲ್ಲೇ ತೊಳೆದೆ. ಆಮೇಲೆ ಇಲ್ಲಿಂದಲೇ ಸ್ಯಾಂಪಲ್ ತೆಗೆದೆ."

ವಂದನಾ ಕತ್ತೆತ್ತಲಿಲ್ಲ. ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡಳು.

"ಮುಗೀತೇನು?" ಎಂದಳು. "ನನಗ ಕಣ್ಣಿಲ್ಲಂತ ತಿಳದೀಯೇನು? ನಮ್ಮವ್ವನ ಬೆರಳಾಗೂ ಅಂಥಾದ ಒಂದು ಐತಿ. ರಿಪೋರ್ಟ್ ಬಂದ ದಿನಾನ ನಿನ್ನ ಕೈ ನೋಡೀನಿ ನಾ. ನಾ ಕೇಳಿದ್ನೇನು ನಿನ್ನ? ಹೇಳು, ಕೇಳಿದ್ನೇನು?"

"ಇಲ್ಲ."

"ಕೇಳಲಾರದಕ್ಕ ನಿನ್ನ ವೀಸಾ ಐತಿ, ರಿಪೋರ್ಟಿನ ಮ್ಯಾಲೆ ನನ್ನ ಹೆಸರೂ ಐತಿ. ಬರೇ ಅನುಮಾನ ಇದ್ರ ಯಾರಿಗೂ ಏನೂ ಆಗೂದಿಲ್ಲೋ. ಈಗ ಬಾಯಿಬಿಟ್ಟು ಹೇಳಿದಿ. ಈಗ ನನಗೂ ಗೊತ್ತಾದಂಗಾತು. ನನ್ನ ತಲಿ ಮ್ಯಾಲೂ ಹೊರಿಸಿದಿ."

ಅವನು ಇದನ್ನು ಯೋಚಿಸಿರಲಿಲ್ಲ. ಹೇಳಿದೊಡನೆ ಹಗುರವಾಗುತ್ತದೆ ಎಂದುಕೊಂಡಿದ್ದ. "ಅವರು ಗಂಡ ಇದರಿಂದಲೇ ಹೋದ್ರು ಅಂದ್ಕೊಂಡಿದ್ದಾರೆ" ಎಂದ, ಆ ದಡದ ಕಡೆ ನೋಡದೆ.

"ಅಂದ್ಕೊಳ್ಳಲಿ ಅಂತ ನಾ ಹೇಳಿದ್ನೇನು!" ವಂದನಾಳ ದನಿ ಏರಿತು.

ಬೇಲಿಯ ಕಂಬದ ಹತ್ತಿರ ಹೀದರ್ ತಿರುಗಿ ನಿಂತಳು. "ಏನಾಯಿತು? ಏನನ್ನುತ್ತಿದ್ದಾನೆ ಅವನು?" ಎಂದು ಕೂಗಿ ಕೇಳಿದಳು.

"ಏನಿಲ್ಲ ಹೀದರ್" ಎಂದಳು ವಂದನಾ ಇಂಗ್ಲಿಷಿನಲ್ಲಿ, ತಕ್ಷಣ, ನಗುತ್ತ. "ನೀರು ತುಂಬ ತಣ್ಣಗಿದೆಯಂತೆ!"

ಹೀದರ್ ನಕ್ಕಳು. ಪಟ್ಟಣದ ಹುಡುಗರು ಎಂದೇನೋ ಅಂದಳು. ವಂದನಾ ಶ್ರೀಕರನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು: "ಕೇಳಿಲ್ಲಿ. ಇಲ್ಲೂ ತೆಗಿ, ಮ್ಯಾಲೂ ತೆಗಿ. ಮ್ಯಾಲೆ ಏನೂ ಸಿಗೂದಿಲ್ಲ. ಸಿಗಲಿಲ್ಲ ಅಂತ ಬರೀತೀನಿ. ಈ ಒಂದು ಜಾಗ ಯಾಕ ಎದ್ದೈತಿ, ಗೊತ್ತಿಲ್ಲ ಅಂತ ಬರೀತೀನಿ. ಹಿಂಗ ಆಗ್ತಾವ. ಹಳೇ ತಂತಿ, ಹಳೇ ಕಾಡತೂಸು, ಏನರ ಬಿದ್ದಿರತೈತಿ. ಕೌನ್ಸಿಲ್‌ನವರು ಪಕ್ಕಕ್ಕ ಇಡ್ತಾರ. ನಿನ್ನ ಹೆಸರು ಬರೂದಿಲ್ಲ, ನನ್ನದೂ ಬರೂದಿಲ್ಲ. ಆತಿಲ್ಲೋ?"

ಆತು. ಎಲ್ಲರಿಗೂ ಆಗುವಂಥದ್ದು. ತೊರೆ ಬಚಾವಾಗುತ್ತದೆ, ಬೆಟ್ಟ ಬಚಾವಾಗುತ್ತದೆ, ಅವನೂ ಬಚಾವಾಗುತ್ತಾನೆ. ಅವನ ಕಣ್ಣಲ್ಲಿ ಕೃತಜ್ಞತೆಯ ನೀರು ಬಂತು, ಅದಕ್ಕೆ ನಾಚಿಕೆಯೂ ಆಯಿತು. ಸನಿಕೆ ಇಳಿಸಿದ. ತಳದ ಹೂಳು ಕಲಕಿ ಎದ್ದಿತು. ಗೊತ್ತಿಲ್ಲ ಅಂತ ಬರೆಯುವುದು. ಯಾರಿಗೆ ಗೊತ್ತಿಲ್ಲ? ಆ ಪದವನ್ನು ಹೀದರ್ ಓದುತ್ತಾಳೆ, ಅಡುಗೆಮನೆಯಲ್ಲಿ ಕನ್ನಡಕ ಹಾಕಿಕೊಂಡು. ಗೊತ್ತಿಲ್ಲ ಎಂಬುದರೊಳಗೆ ಅವಳು ಎಷ್ಟು ವರ್ಷ ಬೇಕಾದರೂ ಇರಬಹುದು, ಬಾಟಲಿ ತರಿಸಿಕೊಳ್ಳುತ್ತ.

"ಶ್ರೀ!" ಹೀದರ್ ನೀರಿನ ಅಂಚಿಗೆ ಇಳಿದು ಬಂದಿದ್ದಳು. "ಇವತ್ತಿನದರಿಂದ ಕಾಲಿನ್ ವಿಷಯ ಗೊತ್ತಾಗಬಹುದಾ?"

ವಂದನಾ ಉತ್ತರಿಸಲು ಬಾಯಿ ತೆರೆದಳು. ಅದಕ್ಕೆ ಮುಂಚೆ ಅವನು ಇಂಗ್ಲಿಷಿನಲ್ಲಿ ಹೇಳಿದ. ತಾಮ್ರ ನಿಮ್ಮ ತೊರೆಯದಲ್ಲ, ನನ್ನ ಉಂಗುರದ್ದು ಎಂದು. ಆದರೆ ದನಿ ಹೊರಡಲಿಲ್ಲ, ಹೊರಟಷ್ಟನ್ನು ನೀರು ನುಂಗಿತು.

"ಏನಂದೆ?" ಹೀದರ್ ಕಿವಿಗೆ ಕೈ ಅಡ್ಡ ಹಿಡಿದಳು.

ಅವನು ಮತ್ತೆ ಹೇಳಿದ, ಈ ಸಲ ಕೂಗಿ. ಅವಸರಕ್ಕೆ ಪದಗಳು ಒಂದರ ಮೇಲೊಂದು ಬಿದ್ದವು. ಅವಳು ಮುಖ ಕಿವುಚಿ, ಕ್ಷಮೆ ಕೇಳುವ ನಗು ನಕ್ಕು ತಲೆಯಾಡಿಸಿದಳು. ಇಂಥ ನಗುವನ್ನು ಅವನು ಬಲ್ಲ. ಬೀದಿ ಮೂಲೆಯ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಇಂಟರ್‌ವ್ಯೂಗಳಲ್ಲಿ ಅವನ ಮಾತು ತಿಳಿಯದಿದ್ದಾಗ ಒಳ್ಳೆಯವರು ನಗುವ ನಗು. ಆಗೆಲ್ಲ ಅವನು, ಇರಲಿ ಬಿಡಿ, ಏನಿಲ್ಲ ಎಂದು ಹಿಂದೆ ಸರಿದುಬಿಡುತ್ತಿದ್ದ. "ಪರವಾಗಿಲ್ಲ ಬಿಡಪ್ಪ, ಆಮೇಲೆ ಹೇಳು" ಎಂದಳು ಅವಳೇ.

ಶ್ರೀಕರ್ ಎದ್ದ. ಹಲಗೆ ಕೆಳಗೆ, ದೂರದಲ್ಲಿತ್ತು. ನೀರಿಗೆ ನೇರ ಇಳಿದ. ಎರಡನೆಯ ಹೆಜ್ಜೆಗೆ ಗಮ್‌ಬೂಟಿನ ಬಾಯಿಂದ ನೀರು ಒಳಗೆ ನುಗ್ಗಿತು, ಕಾಲು ಸೀಸದಂತೆ ಭಾರವಾಯಿತು. "ಶ್ರೀಕರ್, ವಾಪಸ್ ಬಾ" ಎಂದಳು ಹಿಂದಿನಿಂದ ವಂದನಾ. ಅದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದ್ದಳು, ಆಫೀಸಿನ ಯಾರಿಗೋ ಹೇಳುವಂತೆ.

"ವಂದನಾ, ಇರು" ಎಂದ ಅವನು, ತಿರುಗದೆ.

ಹೀದರ್ ದಡದಿಂದ ಕೈ ಚಾಚಿದಳು, ಮೊದಲು ಮೇಲೆ ಹತ್ತು ಎಂದು. ಅವನು ಕೈ ಹಿಡಿಯಲಿಲ್ಲ. ಮೊಣಕಾಲುದ್ದ ನೀರಿನಲ್ಲಿ, ಅವಳ ಮುಖದಿಂದ ಒಂದು ಮಾರು ದೂರದಲ್ಲಿ ನಿಂತು, ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ಇಟ್ಟು ಹೇಳಿದ. ಉಂಗುರ. ಅರ. ಆ ಬಂಡೆ. ಕೈ ತೊಳೆದದ್ದು. ತಾನು ಉಂಗುರ ಇಲ್ಲ ಎಂದು ಸುಳ್ಳು ಹೇಳಿದ್ದು. ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. ತಿಳಿಯಿತೆಂದು ಅವನಿಗೆ ಗೊತ್ತಾದದ್ದು ಅವಳ ಚಾಚಿದ ಕೈ ನಿಧಾನವಾಗಿ ಕೆಳಗೆ ಇಳಿದಾಗ.

"ಹಾಗಾದರೆ ನೀರಿನಲ್ಲಿ ಏನೂ ಇರಲಿಲ್ಲ" ಎಂದಳು.

"ಏನೂ ಇರಲಿಲ್ಲ. ಮೊದಲಿನಿಂದಲೂ ಇರಲಿಲ್ಲ."

"ಕಾಲಿನ್ ಕುಡಿದದ್ದು?"

"ಬರೀ ನೀರು."

ಅವಳು ಬೈಯಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳಲು ಅವನು ಸಿದ್ಧನಾಗಿ ನಿಂತಿದ್ದ. ಹುಲ್ಲಿನ ಮೇಲೆ ಒಂದು ಕೈ ಊರಿ ಅಲ್ಲೇ ಕೂತಳು, ಉದ್ದ ತೋಳಿನ ಮಡಿಕೆ ಬಿಚ್ಚಿಕೊಂಡು ಬೆರಳುಗಳ ಮೇಲೆ ಬಿತ್ತು. ಮಳೆಯ ಮೊದಲ ಹನಿಗಳು ತೊರೆಯ ಮೇಲೆ ಬೀಳತೊಡಗಿದವು. ಅವನ ಬೆನ್ನ ಹಿಂದಿನ ದಡದಲ್ಲಿ ವಂದನಾ ಜರಡಿಯೊಳಗಿನ ಹೂಳನ್ನು ಹುಲ್ಲಿನ ಮೇಲೆ ಚೆಲ್ಲಿ, ಸಾಮಾನುಗಳನ್ನು ಸದ್ದು ಮಾಡುತ್ತ ಚೀಲಕ್ಕೆ ತುಂಬುತ್ತಿದ್ದಳು. ಹೀದರ್ ನೀರನ್ನು ನೋಡುತ್ತಿದ್ದಳು. ಆಮೇಲೆ, ಅವನು ಲ್ಯಾಬಿನವನಲ್ಲವೇ, ಅವನಿಗೆ ಗೊತ್ತಿರಲೇಬೇಕು ಎಂಬಂತೆ ಮುಖವೆತ್ತಿ ಕೇಳಿದಳು:

"ಹಾಗಾದರೆ ಅವನು ಯಾತರಿಂದ ಹೋದ?"

ಶ್ರೀಕರ್‌ಗೆ ಪಾದಗಳು ಇರುವುದೇ ತಿಳಿಯುತ್ತಿರಲಿಲ್ಲ. ಅವನು ನೀರಿನಲ್ಲೇ ನಿಂತಿದ್ದ.